ಮೂರು ಇಂಚಿನ ಮೀನು, ಹತ್ತು ಗ್ರಾಮಿನ ಜಗಳ

ಆನಂದಮ್ಮ: ನನ್ನ ಮೀನಿಗಿ ಕೈ ಹಚ್ಚಬ್ಯಾಡ್ರಿ! ಅದು ಎಲ್ಲೂ ಹೋಗಂಗಿಲ್ಲ.

ಜೋಸೆಫ: ಬ್ಯಾನಿ ಬಿದ್ದದ ಅಂದ್ರ ಕೇಳವಲ್ಲಿ! ಹೊಟ್ಟ್ಯಾಗ ನೀರು ತುಂಬ್ಯದ. ಹಬೀಬ, ಒಯ್ದುಬಿಡು.

(ಬೀದರದ ನಿವೃತ್ತ ಮಾಸ್ತರ ಜೋಸೆಫ ಮತ್ತು ಅವರ ಹೆಂಡತಿ ಆನಂದಮ್ಮನವರ ಪಡಸಾಲೆ. ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ಹವಳದ ದಿಬ್ಬದ ಪುಟ್ಟ ಮೀನೊಂದು, ಕಿತ್ತಳೆ ಮೈಗೆ ಬಿಳಿ ಪಟ್ಟೆ, ಈ ಗದ್ದಲ ತನ್ನದಲ್ಲ ಎಂಬಂತೆ ಬಾಲ ಬೀಸುತ್ತಿದೆ. ಕೇಕಿನ ಹಿಟ್ಟು ತೂಗುವ ತಕ್ಕಡಿಯ ಮೇಲೆ ನೀರಿನ ಬಟ್ಟಲು. ಮೀನು ಮಾರಿದ ಹಬೀಬ, ಮಾಸ್ತರರ ಹಳೆಯ ಶಿಷ್ಯ, ಖಾಲಿ ಡಬ್ಬಿ ಹಿಡಿದು ನಿಂತಿದ್ದಾನೆ.)

ಹಬೀಬ: ಹುಕುಂ ಮಾಡ್ರಿ ಮಾಸ್ತರ್ರೇ, ಈಗೇ ಒಯ್ತೀನಿ.

ಆನಂದಮ್ಮ: ಬ್ಯಾನಿ ಅಂತ ಯಾರಂದ್ರು?

ಜೋಸೆಫ: ಲೆಕ್ಕ ಅಂತದ! ತಂದಾಗ ಎರಡು ಇಂಚು, ಮೂರು ಗ್ರಾಮ. ಈಗ ಮೂರು ಇಂಚು. ಅಂದ್ರ ನಾಲ್ಕೂವರಿ ಗ್ರಾಮ ಇರಬೇಕು. ತೂಗಿದ್ರ ಹತ್ತು! ಹೆಚ್ಚಿಂದು ನೀರಲ್ದ ಮತ್ತೇನು?

ಹಬೀಬ: ಬರೋಬ್ಬರಿ ಅಂದ್ರಿ.

ಆನಂದಮ್ಮ: ಮೀನಂದ್ರ ಹಗ್ಗ ಏನ್ರಿ, ಬರೇ ಉದ್ದ ಬೆಳೀಲಿಕ್ಕ? ಹೋದ ಕ್ರಿಸ್‌ಮಸ್‌ಕ್ಕ ಕೇಕ್ ಸುಡೋ ಹೊಸ ಡಬ್ಬಿ ತಂದಿದ್ರಲ್ಲ, ನೆನಪದ?

(ಜೋಸೆಫರು ಇದ್ದಕ್ಕಿದ್ದಂತೆ ಮುಖ ತಿರುಗಿಸಿ, ಕಿಟಕಿಯಾಚೆ ಏನೋ ಕಂಡವರಂತೆ ನೋಡುತ್ತಾರೆ.)

ಜೋಸೆಫ: ಅದ್ಯಾಕ ಈಗ?

ಆನಂದಮ್ಮ: ಹಳೆ ಡಬ್ಬಿಕಿಂತ ಉದ್ದ ದುಪ್ಪಟ್ಟು, ಅಗಲ ದುಪ್ಪಟ್ಟು, ಎತ್ತರ ದುಪ್ಪಟ್ಟು. 'ಹಿಟ್ಟೂ ದುಪ್ಪಟ್ಟು ಹಾಕು, ಸಾಕು' ಅಂದ್ರಿ. ಕೇಕ್ ಏನಾತು?

ಹಬೀಬ: ನಮ್ಮ ಮನಿಗೂ ಬಂದಿತ್ತಲ್ರಿ ಅಮ್ಮಾ. ರೋಟಿ ಅಂತ ತಿಳದು ಖುರ್ಮಾದಾಗ ಅದ್ದಿ ತಿಂದ್ವಿ.

ಆನಂದಮ್ಮ: ಎಂಟು ಪಟ್ಟು ಬೇಕಿತ್ತು ಹಿಟ್ಟು! ಮೀನೂ ಹಂಗೇ. ಉದ್ದ ಆಗೋ ಮುಂದ ಅಗಲಾನೂ ಆಗ್ತದ, ದಪ್ಪಾನೂ ಆಗ್ತದ. ಎರಡು ಇಂಚು ಮೂರಾತು, ಅಂದ್ರ ಒಂದೂವರಿ ಪಟ್ಟು. ಒಂದೂವರಿಗಿ ಒಂದೂವರಿ, ಮತ್ತ ಒಂದೂವರಿ ಗುಣಿಸ್ರಿ.

(ಜೋಸೆಫರು ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಾರೆ.)

ಜೋಸೆಫ: ಮೂರು ಪಟ್ಟಿಗಿ ಜರಾ ಹೆಚ್ಚು... ಮೂರು ಗ್ರಾಮಿಂದು ಹತ್ತೇ ಗ್ರಾಮ! ಹಬೀಬ, ಮೀನು ಛಲೋ ಅದ ಅಂತ ನಿನಗ ಗೊತ್ತಿತ್ತೇನು?

ಹಬೀಬ: ನೋಡಿದ ಕೂಡ್ಲೇ ಗೊತ್ತಾತ್ರಿ. ಆದ್ರ ಕಲಿಸಿದ ಮಾಸ್ತರ್ರಿಗಿ 'ನಿಮ್ಮ ಲೆಕ್ಕ ತಪ್ಪ್ಯದ' ಅನ್ನಲಿಕ್ಕ ಬಾಯಿ ಬರಲಿಲ್ರಿ.

ಆನಂದಮ್ಮ: ಡಬ್ಬಿ ತರಲಿಕ್ಕ ಮಾತ್ರ ಕೈ ಬಂತು!

(ಡಬ್ಬಿ ಹಬೀಬನ ಬೆನ್ನ ಹಿಂದೆ ಸರಿಯುತ್ತದೆ. ಹೋದ ಜೀವ ಬಂದಂತಾಗಿ ಆನಂದಮ್ಮ ಮೀನಿಗೆ ಚಿಟಿಕೆ ಆಹಾರ ಉದುರಿಸುತ್ತಾರೆ. ಜೋಸೆಫರು ತಮ್ಮ ಹೊಟ್ಟೆ ಸವರಿಕೊಂಡು ಹತ್ತಿರ ಬರುತ್ತಾರೆ.)

ಜೋಸೆಫ: ತೂಕ ಏರ್ಯದ ಅಂತ ನನಗ ತುಪ್ಪ ಬಂದ್ ಮಾಡಿದ್ಯಲ್ಲ. ಈ ಲೆಕ್ಕದಾಗ ನಾನೂ ಬರೋಬ್ಬರಿ ಇದ್ದೀನಿ, ಹೌದಿಲ್ಲೋ?

ಆನಂದಮ್ಮ: ಮೀನಿನ ಉದ್ದ ಬೆಳದದ್ರಿ. ನಿಮ್ಮದು ಲಗ್ನದಾಗ ಎಷ್ಟಿತ್ತೋ ಅಷ್ಟೇ ಅದ.