ಓಲೆ ಒಂದೂರಿಗೆ, ಸೂಜಿ ಇನ್ನೊಂದೂರಿಗೆ ಹೋದ ಹಸುಗಳ ಕುರಿತು

ಸುತ್ತೋಲೆ ಸಂಖ್ಯೆ: ಕಿವಿ/ಸೂಜಿ/ತಾಳೆ/2024-25
ಸ್ಥಳ: ದೇವನಹಳ್ಳಿ

ವಿಷಯ: ಎರಡು ಪಟ್ಟಿಗಳಲ್ಲಿ ಪರಸ್ಪರ ಭೇಟಿಯಾಗದ ಹಸುಗಳ ಬಗ್ಗೆ.

ಉಲ್ಲೇಖ: ಅನುಗೊಂಡನಹಳ್ಳಿಯ ಪಿಳ್ಳಮ್ಮನವರ ಮೌಖಿಕ ಅಹವಾಲು (ರಸ್ತೆಯವರೆಗೂ ಕೇಳಿಸಿದ್ದು).

1. ಲಸಿಕೆ ತಪ್ಪಿದ ಹಸುಗಳನ್ನು ಪತ್ತೆ ಹಚ್ಚಲು, ಕಿವಿಯೋಲೆ (ಹಸುವಿನ ಕಿವಿಗೆ ಹಾಕುವ ನಂಬರಿನ ಬಿಲ್ಲೆ) ಪಟ್ಟಿಯನ್ನು ಲಸಿಕೆ ಪಟ್ಟಿಯೊಂದಿಗೆ ತಾಳೆ ನೋಡುವ ಕೆಲಸವನ್ನು ವಿಷಯ ನಿರ್ವಾಹಕ ಭೀಮರಾಜ್ ಅವರಿಗೆ ವಹಿಸಲಾಗಿತ್ತು. ಪಟ್ಟಿಗಳು ಒಂದೇ ಕಂಪ್ಯೂಟರಿಗೆ ಭಾರವಾದ ಕಾರಣ ಸದರಿಯವರು ಅವನ್ನು ತುಂಡು ಮಾಡಿ ನಾಲ್ಕೂ ತಾಲ್ಲೂಕು ಕಚೇರಿಗಳಿಗೆ ಹಂಚಿದರು. ಓಲೆ ಪಟ್ಟಿಯನ್ನು ಮಾಲೀಕರ ಹೆಸರಿನ ಮೊದಲಕ್ಷರದಂತೆಯೂ ಲಸಿಕೆ ಪಟ್ಟಿಯನ್ನು ಹಸುವಿನ ಹೆಸರಿನ ಮೊದಲಕ್ಷರದಂತೆಯೂ ಹಂಚಿದ್ದರಿಂದ, ಪಿಳ್ಳಮ್ಮನವರ ಹಸು ಗೌರಿಯ ಓಲೆ ನೆಲಮಂಗಲಕ್ಕೂ ಅದರ ಲಸಿಕೆ ಹೊಸಕೋಟೆಗೂ ಹೋದವು. ಪ್ರತಿ ಕಂಪ್ಯೂಟರೂ ತನ್ನ ಪಾಲನ್ನಷ್ಟೇ ನೋಡಿ ‘ಜೋಡಿ ಇಲ್ಲ’ ಎಂದಿತು. ಜಿಲ್ಲೆಯ ಬಹುಪಾಲು ಹಸುಗಳಿಗೆ ಲಸಿಕೆಯೇ ಆಗಿಲ್ಲವೆಂದು ತೀರ್ಮಾನವಾಗಿ, ಡೇರಿಗಳಲ್ಲಿ ಹಾಲನ್ನು ಹಿಂದಿರುಗಿಸಲಾಯಿತು.

2. ತದನಂತರ ಈ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿತ್ತು:
(ಅ) ಜೋಡಿ ಸಿಗದ ಹಸುವಿನ ಹಾಲನ್ನು ‘ಬಿಳಿ ದ್ರವ’ ಎಂದು ನಮೂದಿಸುವುದು.
(ಆ) ಕರು ಅದನ್ನು ಸ್ವಂತ ಜವಾಬ್ದಾರಿಯ ಮೇಲೆ ಕುಡಿಯಬಹುದು.
(ಇ) ಹಸು ಕೊಟ್ಟಿಗೆಯಲ್ಲಿ ಇದ್ದ ಮಾತ್ರಕ್ಕೆ ಇದೆ ಎಂದು ಭಾವಿಸತಕ್ಕದ್ದಲ್ಲ. ಅದು ಕೂಗಿದಲ್ಲಿ ಓಗೊಡತಕ್ಕದ್ದಲ್ಲ.

3. ಪಿಳ್ಳಮ್ಮನವರು ಗೌರಿಯನ್ನು ಟೆಂಪೋ ಹತ್ತಿಸಿಕೊಂಡು ಬಂದು ಭೀಮರಾಜ್ ಅವರ ಕಿಟಕಿಯ ಸರಳಿಗೆ ಕಟ್ಟಿದರು. ಆಗ ನಡೆದ ಮಾತುಕತೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ.

“ಹಸು ಇಲ್ಲೈತೆ. ಕಿವೀಲಿ ಓಲೆ ಐತೆ. ಸೂಜಿ ಚುಚ್ಚಿದ್ ಜಾಗ್ದಲ್ಲಿ ಇನ್ನೂ ಗಂಟೈತೆ. ಇನ್ನೇನ್ ಜೋಡುಸ್ಬೇಕಪ್ಪಾ ನಿಂಗೆ?”

“ಸಿಸ್ಟಮ್ಮಲ್ಲಿ ಬರ್ತಿಲ್ಲ ಕಣಮ್ಮ.”

“ಕಿಟ್ಕೀಲಿ ಬಂದೈತಲ್ಲ, ನೋಡು. ಎರಡ್ ದಿನದಿಂದ ಕರೆದ್ ಹಾಲೆಲ್ಲ ಮೋರಿಗೆ ಸುರೀತಿದೀನಿ.”

ಮೋರಿಯ ಮಾತು ಕೇಳಿ ಭೀಮರಾಜ್ ಅವರು ಕಿಟಕಿಯಿಂದ ಇಣುಕಿ ಗೌರಿಯ ಓಲೆ ನಂಬರನ್ನು ಬರೆದುಕೊಂಡರು. ಅವರು ಕೂಡಲೇ ನೆಲಮಂಗಲ ಕಚೇರಿಯ ಶಶಿರೇಖಾ ಅವರಿಗೆ ಫೋನಾಯಿಸಿ ಗೌರಿಯನ್ನು ವಿಚಾರಿಸಿದರು.

“ಓಲೆ ನನ್ ಹತ್ರ ಇದೆ ಸಾರ್. ಸೂಜೀದು ನೀವೇ ಹೊಸಕೋಟೆಗೆ ಕಳ್ಸಿದ್ರಲ್ಲ. ಇಲ್ಲಿದ್ದಿದ್ ಇಲ್ಲೇ, ಅಲ್ಲಿದ್ದಿದ್ ಅಲ್ಲೇ. ಹೆಂಗ್ ಸಿಗ್ತವೆ?”

ಭೀಮರಾಜ್ ಅವರು ಫೋನನ್ನು ಕೆಳಗಿಟ್ಟು ಎದ್ದು ನಿಂತು, “ತಪ್ಪು ನಂದೇ ಕಣಮ್ಮ” ಎಂದರು. ಕಚೇರಿಯಲ್ಲಿ ಇಂಥ ವಾಕ್ಯಕ್ಕೆ ಪೂರ್ವನಿದರ್ಶನ ಇಲ್ಲದ ಪ್ರಯುಕ್ತ, ಇದನ್ನು ಯಾವ ಕಡತದಲ್ಲಿಡಬೇಕೆಂಬುದು ಪರಿಶೀಲನೆಯಲ್ಲಿದೆ.

4. ಎರಡೂ ಪಟ್ಟಿಗಳನ್ನು ಓಲೆ ನಂಬರಿನಂತೆಯೇ ಮರುಹಂಚಿಕೆ ಮಾಡಲಾಗಿ, ಒಂದೇ ನಂಬರಿನವು ಒಂದೇ ಕಂಪ್ಯೂಟರಿಗೆ ಹೋಗಿ ಗೌರಿಯೂ ಸೇರಿದಂತೆ ಲಸಿಕೆ ಆಗಿದ್ದ ಹಸುಗಳೆಲ್ಲ ತಾಳೆಯಾದವು. ನಿಜವಾಗಿ ಲಸಿಕೆ ತಪ್ಪಿದವು ಬೆರಳೆಣಿಕೆಯಷ್ಟು ಉಳಿದವು. ಕಂಡಿಕೆ 2ರ ಸೂಚನೆಗಳನ್ನು ಈ ಮೂಲಕ ರದ್ದುಪಡಿಸಲಾಗಿದೆ. ಹಾಲು ಪುನಃ ಹಾಲಾಗಿರುತ್ತದೆ.

5. ಉಳಿದವುಗಳಲ್ಲಿ ಒಂದು ಹಸು ಸ್ವತಃ ಲಸಿಕೆ ಹಾಕುವ ಪಾಪಯ್ಯನವರದ್ದೆಂದು ಕಂಡುಬಂದಿದೆ. “ಮನೇಲಿ ನನ್ ಬ್ಯಾಗ್ ಕಂಡ್ರೇನೇ ಒದೀತದೆ ಸಾರ್” ಎಂಬ ಅವರ ವಿವರಣೆಯನ್ನು, ಮೊಣಕಾಲು ತೋರಿಸಿದ ಮೇರೆಗೆ, ಅಂಗೀಕರಿಸಲಾಗಿದೆ. ಲಸಿಕೆಯನ್ನು ಬೇರೊಬ್ಬರು, ಬೇರೆ ಬ್ಯಾಗಿನಲ್ಲಿ ಒಯ್ಯತಕ್ಕದ್ದು.

ಸಹಿ/-
(ಅಸ್ಪಷ್ಟ)
ಸಕ್ಷಮ ಪ್ರಾಧಿಕಾರಿ

ಪ್ರತಿ:
1. ನಾಲ್ಕೂ ತಾಲ್ಲೂಕು ಕಚೇರಿಗಳಿಗೆ, ತುಂಡು ಮಾಡದೆ.
2. ಶ್ರೀಮತಿ ಪಿಳ್ಳಮ್ಮ ಅವರಿಗೆ, ವಿಷಾದಪೂರ್ವಕವಾಗಿ.
3. ಪಾಪಯ್ಯನವರ ಹಸುವಿಗೆ, ಮಾಹಿತಿಗಾಗಿ. ಲಸಿಕೆಯ ದಿನಾಂಕವನ್ನು ತಿಳಿಸತಕ್ಕದ್ದಲ್ಲ.