ಶ್ರುತಿ ಸೇರಿದ ಗಡಿಗೆ

ರಜೆಯ ದಿನ ಹೆಂಡತಿಗೆ ನೆರವಾಗೋಣವೆಂದು ಮಾಧವ ಪೊರಕೆ ಹಿಡಿದದ್ದೇ ತಪ್ಪಾಯಿತು. ಮೂಲೆಯಲ್ಲಿ ಹಳೇ ಸೀರೆಯ ತುಂಡು ಸುತ್ತಿ ಇಟ್ಟಿದ್ದ ಏನೋ ಒಂದು ಕಾಲಿಗೆ ತಗುಲಿ, ಉರುಳಿ, ಹೊಸ್ತಿಲು ದಾಟಿ, ಮೆಟ್ಟಿಲಿನಿಂದ ಕೆಳಗೆ ಬಿದ್ದು 'ಫಟ್' ಎಂದಿತು.

ಬಟ್ಟೆ ಬಿಚ್ಚಿದರೆ ಮಣ್ಣಿನ ಚೂರುಗಳು. ಮಗಳ ಘಟ!

ಪ್ರಕೃತಿಯನ್ನು ಬೇಸಿಗೆ ರಜೆಯ ಸಂಗೀತ ಶಿಬಿರಕ್ಕೆ ಸೇರಿಸಿದಾಗ "ಮಡಕೆ ಬಡಿಯೋದಕ್ಕೂ ಕ್ಲಾಸಾ?" ಎಂದು ನಕ್ಕವನು ಅವನೇ. ಆದರೆ ಮನೆಗೆ ನೆಂಟರು ಬಂದರೆ ಅಮ್ಮನ ಸೆರಗಿನ ಹಿಂದೆ ಅಡಗುವ ಆ ಮಗು, ಘಟವನ್ನು ಮಡಿಲಲ್ಲಿಟ್ಟುಕೊಂಡರೆ ಮನೆಯೆಲ್ಲ ತುಂಬುವಂತೆ ಮಾತಾಡುತ್ತಿತ್ತು. ಸಂಜೆ ಟಿವಿ ಹಾಕುವುದನ್ನೂ ಮರೆತು ಅವನು ಕೇಳುತ್ತ ಕೂರುತ್ತಿದ್ದ. ಇವತ್ತು ಜಯನಗರದ ಸಭಾಂಗಣದಲ್ಲಿ ಶಿಬಿರದ ಕೊನೆಯ ದಿನ. ಮಗು ಮೊದಲ ಸಲ ಒಬ್ಬಳೇ ವೇದಿಕೆ ಹತ್ತುವ ದಿನ. ಅವನು ಮಲಗಿದ್ದಾಗಲೇ ತಾಯಿ ಮಗಳು ಹೊರಟುಹೋಗಿದ್ದರು; ಅವನು ಆಮೇಲೆ ಬರುವುದೆಂದಾಗಿತ್ತು. ಗಡಿಬಿಡಿಯಲ್ಲಿ ಘಟವನ್ನೇ ಮರೆತಿದ್ದಾರೆ! ಹೆಂಡತಿ ಸೀತಾಲಕ್ಷ್ಮಿಗೆ ಫೋನ್ ಮಾಡಿದರೆ ಸ್ವಿಚ್ ಆಫ್.

ಸದ್ದಿಗೆ ಮಹಡಿಯಿಂದ ಮನೆ ಒಡತಿ ನಾಗಲಕ್ಷ್ಮಮ್ಮ, ಎದುರು ಮನೆಯಿಂದ ಶಾಮಣ್ಣ ಓಡಿ ಬಂದರು.

"ಏನೋ ಮಾಧವ ಅದು, ಸಿಲಿಂಡರಾ?"

"ಮಗು ಘಟ ಒಡೆದ್ಹೋಯ್ತಮ್ಮ. ಇನ್ನೇನು ಪ್ರೋಗ್ರಾಂ ಶುರುವಾಗತ್ತೆ."

ನಾಗಲಕ್ಷ್ಮಮ್ಮ ಮೇಲೆ ಹೋಗಿ, ಮಾವಿನಕಾಯಿ ಉಪ್ಪಿನಕಾಯಿಯನ್ನೆಲ್ಲ ಪಾತ್ರೆಗೆ ಸುರಿದು, ಜಾಡಿಯನ್ನು ತೊಳೆದು ತಂದರು. "ನಮ್ಮತ್ತೆ ಕಾಲದ್ದು. ತಟ್ಟಿ ನೋಡು."

ತಟ್ಟಿದ. ಜಾಡಿ ಜ್ವರ ಬಂದವರ ಹಾಗೆ 'ಹೂಂ' ಎಂದಿತು.

"ಚೂರು ಇಲ್ಲಿ ಕೊಡೋ," ಎಂದರು ಶಾಮಣ್ಣ. "ಗಣಪತಿ ಸೊಂಡಿಲನ್ನೇ ಅಂಟಿಸಿದೋನು ನಾನು." ಚೂರುಗಳನ್ನೆಲ್ಲ ಪಂಚೆಯ ಮಡಿಲಲ್ಲಿ ಕಟ್ಟಿಕೊಂಡು ಗಮ್ ಹುಡುಕಲು ಹೊರಟೇಹೋದರು.

ಮಾಧವ ನಾಗಲಕ್ಷ್ಮಮ್ಮನವರ ಜೊತೆ ಆಟೋ ಹತ್ತಿ ಉತ್ತರಹಳ್ಳಿ ರಸ್ತೆಗೆ ಬಂದ. ಅಲ್ಲಿ ಮರದ ಕೆಳಗೆ ಶಿವಬಸಮ್ಮನ ಗಡಿಗೆ ಅಂಗಡಿ. ಒಂದು ಗಡಿಗೆ ತಟ್ಟಿದ, ಇಟ್ಟ. ಇನ್ನೊಂದು ತಟ್ಟಿದ, ಇಟ್ಟ.

"ಸಾರ್, ಮಡಕೆ ತಗೊಳ್ತೀರೋ, ಬಾಗ್ಲು ತಟ್ತಾ ಇದ್ದೀರೋ?" ಎಂದಳು ಶಿವಬಸಮ್ಮ.

ಅಷ್ಟರಲ್ಲಿ ಸ್ಕೂಟರಿನವರಿಬ್ಬರು ನಿಂತು, ಯಾಕೆಂದು ಗೊತ್ತಿಲ್ಲದೆಯೇ ತಾವೂ ತಟ್ಟತೊಡಗಿದರು. "ಏನ್ ಗುರು, ಆಫರ್ರಾ?" ಎಂದ ಮೂರನೆಯವನು.

ಮಾಧವ ಕಣ್ಣು ಮುಚ್ಚಿಕೊಂಡ. ಆಗ ಅವನಿಗೇ ಸೋಜಿಗವಾಯಿತು. ಪ್ರಾರ್ಥನೆಗೂ ಸ್ವರ ಹಿಡಿಯಲಾರದ ಅವನ ಕಿವಿಯಲ್ಲಿ ಮಗಳ ಘಟದ ನಾದ ಹಾಗೇ ಕೂತಿತ್ತು! ಇದು ಇಳಿದಿದೆ, ಇದು ಏರಿದೆ, ಇದಕ್ಕೆ ಒಳಗೇ ಬಿರುಕಿದೆ ಎಂದು ತನ್ನಷ್ಟಕ್ಕೇ ತಿಳಿಯುತ್ತಿತ್ತು. ಹಿಂದಿನ ಸಾಲಿನ ಒಂದನ್ನು ತಟ್ಟಿದಾಗ 'ಠಣ್' ಎಂದಿತು. ಸ್ಕೂಟರಿನವರೂ ತಟ್ಟುವುದು ಬಿಟ್ಟು ತಿರುಗಿ ನೋಡಿದರು.

"ಇನ್ನೊಂದ್ಸಲ ತಟ್ಟಿ ಸಾರ್," ಎಂದಳು ಶಿವಬಸಮ್ಮ ಮೆಲ್ಲಗೆ. ಮಗುವಿಗೆಂದು ತಿಳಿದಾಗ, ಗಡಿಗೆ ಕೂರಿಸಲು ತನ್ನದೇ ಬಟ್ಟೆಯ ಸಿಂಬಿಯನ್ನೂ ಕೊಟ್ಟಳು.

ಆಟೋದವನು ತುಂಬು ಗರ್ಭಿಣಿಯನ್ನು ಕೂರಿಸಿಕೊಂಡವನಂತೆ ರಸ್ತೆಯ ಹಂಪು ಹಂಪಿಗೂ ನಿಧಾನ ಮಾಡಿ ಸಭಾಂಗಣ ಮುಟ್ಟಿಸಿದ. ಗಡಿಗೆ ತಬ್ಬಿಕೊಂಡು ಒಳಗೆ ನುಗ್ಗಿದ ಮಾಧವ ಬಾಗಿಲಲ್ಲೇ ನಿಂತುಬಿಟ್ಟ.

ವೇದಿಕೆಯ ಮೇಲೆ ಪ್ರಕೃತಿ. ಅವಳ ಮಡಿಲಲ್ಲಿ ಅವಳದೇ ಘಟ!

ಆ ಪುಟ್ಟ ಬೆರಳುಗಳು ಓಡುತ್ತಿದ್ದವು. ಮಣ್ಣಿನೊಳಗೆ ಯಾರೋ ಗೆಜ್ಜೆ ಕಟ್ಟಿಕೊಂಡು ಬಂದು ಕುಣಿಯುತ್ತಿರುವ ಹಾಗೆ ಸದ್ದು. ಮಕ್ಕಳು, ಅಜ್ಜಿಯರು, ಬಾಗಿಲ ಬಳಿಯ ವಾಚ್‌ಮನ್, ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಸೆರಗಿನ ಹಿಂದಿನ ಮಗು ಇದೇನಾ? ಮಾಧವನಿಗೆ ತಾನು ಯಾಕೆ ಬಂದೆನೆಂಬುದೇ ಮರೆತುಹೋಯಿತು. ಚಪ್ಪಾಳೆ ಬಿದ್ದಾಗ, ಕಣ್ಣೊರೆಸಿಕೊಳ್ಳೋಣವೆಂದರೆ ಕೈ ಖಾಲಿಯಿರಲಿಲ್ಲ. ನಾಗಲಕ್ಷ್ಮಮ್ಮನವರೇ ಸೆರಗಿನಿಂದ ಒರೆಸಿದರು.

"ರೀ, ನೀರಿನ ಗಡಿಗೆ ಯಾಕ್ರೀ ಹೊತ್ಕೊಂಡು ಬಂದ್ರಿ?" ಸೀತಾಲಕ್ಷ್ಮಿ ಬಂದು ಕೇಳಿದಳು. "ನೆನ್ನೆ ತಂದು ಮೂಲೇಲಿಟ್ಟಿದ್ದೆ, ಇನ್ನೂ ನೆನೆಹಾಕಿಲ್ಲ."

"ಹಾಗಾದ್ರೆ... ಮಗು ಘಟ?"

"ಎಲ್ಲಾ ಮಕ್ಕಳದ್ದೂ ನೆನ್ನೆನೇ ಇಲ್ಲೇ ಇಡಿಸ್ಕೊಂಡ್ರಲ್ಲ ಮೇಷ್ಟ್ರು."

ತಾನು ಒಡೆದದ್ದು ನೀರಿನ ಗಡಿಗೆಯೆಂದು ಮಾಧವನಿಗೆ ಆಗ ಹೊಳೆಯಿತು. ಪುಣ್ಯಕ್ಕೆ ಒಡೆದದ್ದಕ್ಕೆ ಬದಲು ಕೈಯಲ್ಲೇ ಇತ್ತು. ನಾಗಲಕ್ಷ್ಮಮ್ಮ ಏನೂ ಗೊತ್ತಿಲ್ಲದವರಂತೆ ಸೀಲಿಂಗ್ ಫ್ಯಾನು ನೋಡತೊಡಗಿದರು. "ಸುಮ್ನೆ..." ಎಂದ ಮಾಧವ. "ಮೇಷ್ಟ್ರಿಗೆ ತೋರಿಸೋಣ ಅಂತ—"

"ಮಾಧವಾ, ಅಂಟಿಸ್ಬಿಟ್ಟೆ ಕಣೋ!" ಬಾಗಿಲಲ್ಲಿ ಶಾಮಣ್ಣ. ಕೈಯಲ್ಲಿ ಹಲಸಿನ ಹಣ್ಣಿನಂತೆ ಮೈಯೆಲ್ಲ ಮುಳ್ಳೆದ್ದ ಒಂದು ಗಡಿಗೆ.

ಸೀತಾಲಕ್ಷ್ಮಿ ಅದನ್ನೊಮ್ಮೆ ಗಂಡನನ್ನೊಮ್ಮೆ ನೋಡಿದಳು. ಅಷ್ಟರಲ್ಲಿ ಓಡಿ ಬಂದ ಪ್ರಕೃತಿ ಅಪ್ಪನ ಕೈಯಲ್ಲಿದ್ದುದನ್ನು ತಟ್ಟಿ ಕಣ್ಣರಳಿಸಿದಳು. ಮೇಷ್ಟ್ರೂ ಬಗ್ಗಿ ತಟ್ಟಿದರು.

"ಇದು ಘಟ ಅಲ್ಲ. ಆದ್ರೂ ಏನ್ ಶ್ರುತಿ ಸ್ವಾಮಿ! ಯಾರು ಆರಿಸಿದ್ದು?"

"ನಮ್ಮಪ್ಪ!" ಎಂದು ಸಭೆಗೆಲ್ಲ ಕೇಳುವಂತೆ ಕೂಗಿತು, ಯಾರೆದುರೂ ಬಾಯಿ ಬಿಡದ ಮಗು. "ಇದು ನಂಗೇ!"

ಮಾಧವನ ಎದೆ ಗಡಿಗೆಯಷ್ಟು ಉಬ್ಬಿತು.

"ಸರಿ," ಎಂದಳು ಸೀತಾಲಕ್ಷ್ಮಿ. "ನೀರಿಗೆ ಇನ್ನೊಂದು ತನ್ನಿ. ಈಗ್ಲೇ."

ದೂರದಿಂದಲೇ ಅವನನ್ನು ಕಂಡ ಶಿವಬಸಮ್ಮ ಗಡಿಗೆಗಳ ಮುಂದೆ ಎರಡೂ ಕೈ ಚಾಚಿ ನಿಂತಳು.

"ನೀರಿಗಷ್ಟೇ ಕಣಮ್ಮ. ಯಾವುದಾದ್ರೂ ಕೊಡು."

ಅವಳು ಕೈಗೆ ಸಿಕ್ಕಿದ್ದನ್ನು ಕೊಟ್ಟಳು. ನಾಲ್ಕು ಹೆಜ್ಜೆ ಹೋದ ಮಾಧವನ ಬೆರಳು ತನ್ನಷ್ಟಕ್ಕೇ ಒಮ್ಮೆ ತಟ್ಟಿತು. ಅವನು ನಿಂತ. ತಿರುಗಿ ಬಂದ.

"ಅಮ್ಮ, ಇದು ಒಂಚೂರು ಇಳಿದಿದೆ..."

ಶಿವಬಸಮ್ಮ ಗಡಿಗೆಗಳ ಮೇಲೆ ಟಾರ್ಪಾಲು ಎಳೆದುಬಿಟ್ಟಳು.