ಪಾದ್ರಿಗಳ ಜೀಪಿಗೆ ಎರಡು ಸ್ಟೇರಿಂಗು

ಬೇರೆ ಡ್ರೈವರುಗಳಿಗೆ ಪಂಕ್ಚರಿನ ಕಾಟ, ನನಗೆ ಬೈಬಲ್ ವಾಕ್ಯಗಳ ಕಾಟ. ಆಳಂದದ ಪಾದ್ರಿಗಳ ಜೀಪು ಹೊಡೆಯುವಷ್ಟು ಕಾಲ ಇದು ತಪ್ಪಲೇ ಇಲ್ಲ. ನಾನು ಹಿರೋಳ್ಳಿಯವ, ವಿಭೂತಿ ಹಚ್ಚುವ ಮನೆತನ. ಮಳೆಗಾಲದ ಎರಿಮಣ್ಣಿನ ಕೆಸರಿನಲ್ಲಿ ನನ್ನಂಗ ಜೀಪು ಹೊಡೆಯುವವ ಮೂರು ತಾಲೂಕಿನಲ್ಲಿ ಇದ್ದರೆ ಮೀಸೆ ಬೋಳಿಸುತ್ತೇನೆ. ಆದರೆ ಪಾದ್ರಿಗಳು ಒಂದು ವಾಕ್ಯ ಹೇಳಿ ‘ನಡಿ’ ಅಂದರೆ, ಅವರ ಹೆಂಡತಿ ಅಮ್ಮಾರು ಇನ್ನೊಂದು ವಾಕ್ಯ ಹೇಳಿ ‘ನಿಲ್ಲು’ ಅನ್ನೋರು. ನನಗೋ ಜೇವರ್ಗಿಯಲ್ಲಿ ಹೆಣ್ಣು ನೋಡುವುದಿತ್ತು. ಜೀಪಿನಲ್ಲೇ ಬರುತ್ತೇನೆಂದು ಹೇಳಿಕಳಿಸಿ ಮೀಸೆ ತಿರುವಿದ್ದೆ. “ನಮಗೂ ಅಲ್ಲಿ ಸಭೆ ಐತಿ, ಕೂಡೇ ಹೋಗೂಣು” ಅಂದಿದ್ದರು ಪಾದ್ರಿಗಳು.

ಕೋಲು

ಒಮ್ಮೆ ಅಫಜಲಪುರಕ್ಕೆ ಹೊರಟಿದ್ದೆವು. ಪಾದ್ರಿಗಳಿಗೆ ಮೊಣಕಾಲು ನೋವು. ಅಮ್ಮಾರು ಕೋಲು ತಂದು ಜೀಪಿನಲ್ಲಿಟ್ಟರು.

“ತಗಿ ಅದನ್ನ. ಶಿಷ್ಯರನ್ನ ಕಳಸುವಾಗ ಕರ್ತ ಕೋಲೂ ಬ್ಯಾಡ ಅಂದಾನ. ಬೈಬಲಿನ್ಯಾಗ ಮತ್ತಾಯ ಬರದಾನ” ಅಂದರು ಪಾದ್ರಿಗಳು.

“ಕೋಲೊಂದು ಇರ್ಲಿ ಅಂದಾನಂತ ಮಾರ್ಕ ಬರದಾನಲ್ರಿ?”

ಎಂಜಿನ್ ಸುಮ್ಮನೆ ಗುರ್ರ್ ಅನ್ನುತ್ತಿತ್ತು. ಕೊನೆಗೆ ನನ್ನ ತಲೆಯೇ ಓಡಬೇಕಾಯಿತು. “ಅಯ್ಯನವರೇ, ಕೋಲು ಜೀಪಿನ್ಯಾಗ ಬರ್ಲಿ, ನೀವು ಮುಟ್ಟಬ್ಯಾಡ್ರಿ. ಇಬ್ಬರ ಮಾತೂ ನಡೀತೈತಿ.”

ಒಪ್ಪಿದರು. ಅಫಜಲಪುರದಲ್ಲಿ ಪಾದ್ರಿಗಳು ಇಡೀ ದಿನ ನನ್ನ ಹೆಗಲ ಮೇಲೆ ಭಾರ ಹಾಕಿ ಓಣಿ ಓಣಿ ತಿರುಗಿದರು. ಮತ್ತಾಯ ಉಳಿದ, ಮಾರ್ಕ ಉಳಿದ, ನನ್ನ ಹೆಗಲು ಉಳಿಯಲಿಲ್ಲ.

ಬುತ್ತಿ

ಸೊನ್ನ ಎಂಬ ಊರಿಗೆ ಹೋಗುವ ದಿನ ರೊಟ್ಟಿ, ಪುಂಡಿಪಲ್ಯದ ಬುತ್ತಿ ಬಂತು.

“ದಾರಿಗೆ ರೊಟ್ಟಿ ಒಯ್ಯಬ್ಯಾಡ್ರಿ ಅಂದಾನ ಕರ್ತ. ಲೂಕ ಬರದಾನ” ಅಂದರು ಪಾದ್ರಿಗಳು.

“ಹಿಂದಾಗಡೆ ಅದೇ ಕರ್ತ, ಈಗ ಚೀಲ ಇದ್ದವ ತಗೊಳ್ಲಿ ಅಂದಾನ. ಅದೇ ಲೂಕ. ಇನ್ನಷ್ಟು ಹಾಳಿ ತಿರುವ್ರಿ!” ಅಂದು ಅಮ್ಮಾರು ಬುತ್ತಿಯನ್ನು ನನ್ನ ಕೈಗೆ ಕೊಟ್ಟರು.

ಹಳ್ಳದಲ್ಲಿ ಜೀಪು ಹೂತಿತು. ತಪ್ಪು ಹಳ್ಳದ್ದು, ನನ್ನದಲ್ಲ. ಅಗೆದೆ, ನೂಕಿದೆ, ಹಸಿದೆ, ಉಂಡೆ. ಹೊತ್ತು ವಾಲಿದ ಮೇಲೆ ಪಾದ್ರಿಗಳು ಮೆಲ್ಲಗೆ ಕೇಳಿದರು: “ತಮ್ಮಾ, ಲೂಕ ಹಿಂದಾಗಡೆ ಏನ ಬರದಾನ, ನೆನಪೈತೇನು?”

“ಐತ್ರಿ. ಆದ್ರ ನೀವು ಆ ಹಾಳಿಗೆ ಬರೂದ್ರಾಗ ನಾ ಪುಸ್ತಕನೇ ಮುಗಿಸೇನ್ರಿ.”

ದಿನ

ಜೇವರ್ಗಿಗೆ ಯಾವತ್ತು? ಪಾದ್ರಿಗಳು ದಿನ ಹೇಳಲೊಲ್ಲರು. “ನಾಳೆ ಇಂಥಾ ಊರಿಗೆ ಹೋಗ್ತೇವಿ ಅನಬ್ಯಾಡ್ರಿ, ಕರ್ತನ ಚಿತ್ತಾದ್ರ ಅನ್ರಿ ಅಂತ ಯಾಕೋಬ ಬರದಾನ.”

“ಪೌಲ ಏನು ಮಾಡಿದಾ? ಈ ಕಡೆಯಿಂದ ಬರ್ತೇನಿ, ಚಳಿಗಾಲ ನಿಮ್ಮಲ್ಲೇ ಇದ್ದರೂ ಇದ್ದೇನು ಅಂತ ಮೊದಲೇ ಕಾಗದ ಹಾಕಿದ್ದಿಲ್ಲೇನ್ರಿ?” ಅಂದರು ಅಮ್ಮಾರು.

ತಲೆಕೆಟ್ಟು ನಾನೇ ಹೇಳಿಕಳಿಸಿದೆ: ದೇವರ ಚಿತ್ತಾದ್ರ ಸೋಮವಾರ. ಹುಡುಗಿಯ ಅಪ್ಪನಿಂದ ಉತ್ತರ ಬಂತು: “ದೇವರ ಚಿತ್ತ ನಾವು ನೋಡ್ಕೋತೇವಿ, ಹುಡುಗನ ಚಿತ್ತ ಎಲ್ಲೈತಿ? ಸೋಮವಾರ ಊಟದ ಹೊತ್ತು ಮೀರಿದ್ರ ಬ್ಯಾರೆ ವರ ಬರ್ತಾನ.”

ಕತ್ತೆ

ಸೋಮವಾರ ಪಾದ್ರಿಗಳು ಪ್ರಾರ್ಥನೆ ಮುಗಿಸಿ, “ಹೋಗು ಅಂದಾನ, ನಡಿ” ಅಂದರು. ಗಾಳಿಯಂಗ ಹೊಡೆದೆ. ಜೇವರ್ಗಿಯ ಹೊರಗೆ ಒಂದು ಕತ್ತೆ ರಸ್ತೆಗೆ ಅಡ್ಡ ಮಲಗಿತ್ತು. ಎರಡೂ ಬದಿ ತಗ್ಗು. ಹಾರ್ನ್ ಹೊಡೆದರೆ ಕಿವಿ ಅಲ್ಲಾಡಿಸಿತು, ಅಷ್ಟೇ. ಎಬ್ಬಿಸಲು ಬಡಿಗೆ ಹುಡುಕುತ್ತ ಇಳಿದೆ.

“ಹೊಡೀಬ್ಯಾಡ!” ಪಾದ್ರಿಗಳು ಚೀರಿದರು. “ಬೈಬಲಿನ್ಯಾಗ ಕತ್ತೆ ಏರಿ ಹೊಂಟ ಪ್ರವಾದಿ ಬಿಳಾಮಗ ದೇವರೇ ಹೋಗು ಅಂದಾ. ಹೊಂಟ ಮ್ಯಾಲ, ಯಾಕ ಹೊಂಟಿ ಅಂತ ಸಿಟ್ಟಾಗಿ ದೂತನ್ನ ಅಡ್ಡ ನಿಲ್ಲಿಸಿದಾ. ಕತ್ತೆಗೆ ಕಂಡಿತು, ಬಿಳಾಮಗ ಕಾಣಲಿಲ್ಲ. ಹೊಡದಿದ್ದಕ್ಕ ಕತ್ತೆನೇ ಬಾಯಿಬಿಟ್ಟು ಮಾತಾಡ್ತು!”

“ಅಯ್ಯನವರೇ, ಇದು ಅಗಸರ ಕತ್ತೆ ಐತ್ರಿ! ಹೊತ್ತು ಏರಾಕತ್ತೈತಿ!”

ಅಮ್ಮಾರ ಕಡೆ ನೋಡಿದೆ. ಎದುರು ವಾಕ್ಯ ಒಂದಾದರೂ ಇದ್ದೀತು.

“ಅವರು ಹೇಳೂದು ಖರೆ ಐತಿ ತಮ್ಮಾ” ಅಂದರು ಅಮ್ಮಾರು.

ಎಂದೂ ಒಂದಾಗದ ಗಂಡ ಹೆಂಡತಿ ಆವತ್ತೇ ಒಂದಾಗಬೇಕೇ! ಸೂರ್ಯ ನೆತ್ತಿಗೆ ಬಂದ. ಯಾರಿಗೂ ತಲೆ ಬಾಗದ ನಾನು ಕತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೈಮುಗಿದೆ. “ಏಳೋ ನಮ್ಮಪ್ಪಾ, ನನ್ನ ಲಗ್ನದ ಮಾತೈತಿ!”

ಕತ್ತೆಯ ಆಚೆ ಸೈಕಲ್ ಗಂಟೆ ಕೇಳಿಸಿತು. ರುಮಾಲಿನ ಹಿರಿಯರೊಬ್ಬರು ಇಳಿದರು. “ಜೀಪಿನ ವರ ಎಲ್ಲಿ ಸತ್ತಾನಂತ ನೋಡಾಕ ಬಂದ್ನಿ. ನೀನೇ ಏನು?”

ಹುಡುಗಿಯ ಅಪ್ಪ! ಆಗ ಕತ್ತೆ ಎದ್ದು, ಮೈ ಝಾಡಿಸಿ, ನಮಗೆ ಬಾಲ ತೋರಿಸಿ ಹೋಯಿತು.

ಮನೆಯಲ್ಲಿ ಹುಡುಗಿ ಚಹಾ ತಂದಳು. ಅಷ್ಟರಲ್ಲಿ ಅಪ್ಪ ಒಳಗೆ ಎಲ್ಲ ಊದಿದ್ದ.

“ಹುಡುಗ ಒಪ್ಪಿಗಿ ಏನವ್ವಾ?” ಅಮ್ಮಾರು ಕೇಳಿದರು.

ಹುಡುಗಿ ನನ್ನ ಮೀಸೆಯನ್ನೊಮ್ಮೆ ನೋಡಿದಳು. “ಕತ್ತೆನೇ ಒಪ್ಪಿ ದಾರಿ ಬಿಟ್ಟೈತಂತಲ್ರಿ, ನಾ ಯಾಕ ಅಡ್ಡ ಬರ್ಲಿ?”